16 ವರ್ಷ ದುಡಿದ ಫಿಲಿಪಿನೊ ಗೆಳತಿಯ ಕೈ ಖಾಲಿ: ಅವರ ಸಾಲಕ್ಕೆ ನಾನು ಸಹಿ ಹಾಕಬೇಕಾ?

ಪ್ರಶ್ನೆ: ಮೇಡಂ, ನಾನು ತೀರ್ಥಹಳ್ಳಿ ಕಡೆಯವಳು, ದುಬೈನ ಒಂದು ಆಸ್ಪತ್ರೆಯಲ್ಲಿ ನರ್ಸ್. ಆರು ವರ್ಷದಿಂದ ನನ್ನ ರೂಮ್‌ನಲ್ಲಿರುವವರು ಫಿಲಿಪೀನ್ಸ್‌ನ ಬತಂಗಾಸ್ ಕಡೆಯವರು, ವಯಸ್ಸು 42. ಎಲ್ಲರೂ ಅವರನ್ನು 'ಆತೆ' ಅಂತ ಕರೆಯುತ್ತೇವೆ, ಅವರ ಭಾಷೆಯಲ್ಲಿ ಅಕ್ಕ ಅಂತ. ಒಂದೇ ಆಸ್ಪತ್ರೆಯಲ್ಲಿ 16 ವರ್ಷ ದುಡಿದಿದ್ದಾರೆ, ಸಂಬಳ ಹೆಚ್ಚುಕಮ್ಮಿ ನನ್ನಷ್ಟೇ. ನಾನು ಶಿವಮೊಗ್ಗದಲ್ಲಿ ಒಂದು ಸೈಟ್ ತೆಗೆದುಕೊಂಡೆ. ಅವರ ಹತ್ತಿರ ಏನೂ ಇಲ್ಲ. ಇಬ್ಬರು ತಮ್ಮಂದಿರನ್ನು ಓದಿಸಿದರು, ಚಂಡಮಾರುತಕ್ಕೆ ಹಾರಿಹೋದ ಮನೆ ಮಾಡು ಹಾಕಿಸಿದರು, ಈಗ ಅಪ್ಪನಿಗೆ ಡಯಾಲಿಸಿಸ್, ತಂಗಿ ಮಕ್ಕಳ ಫೀಸು. ಗಂಡ ಒಂಬತ್ತು ವರ್ಷದ ಹಿಂದೆ ಬೇರೆ ಸಂಸಾರ ಮಾಡಿಕೊಂಡ. ಬ್ಯಾಂಕ್ ಸಾಲ ಆಗಲೇ ಇದೆ. ಈಗ 20,000 ದಿರ್ಹಂ ಬೇಕಂತೆ. ಅವರ ಊರಿನವರೇ ಒಬ್ಬರು ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಗೆ ಕೊಡುತ್ತಾರೆ, ಆದರೆ ನಾನು 'ಕೋ ಮೇಕರ್', ಅಂದರೆ ಸಾಲಕ್ಕೆ ಜೊತೆ ಹೊಣೆಗಾರಳು, ಅಂತ ಸಹಿ ಹಾಕಿ ಖಾಲಿ ಚೆಕ್ ಕೊಡಬೇಕು. ಪಾಸ್‌ಪೋರ್ಟ್ ಕಾಪಿ ಕೊಟ್ಟಾಗಿದೆ, ಚೆಕ್ ಇನ್ನೂ ಕೊಟ್ಟಿಲ್ಲ. ವಾರ್ಡ್‌ನಲ್ಲಿ ನಮ್ಮವರೆಲ್ಲ 'ಇವರೇ ಹಂಗೆ, ಸಂಬಳದ ದಿನ ರಾಜರು, ಮಾರನೇ ದಿನ ಸಾಲಗಾರರು, ಅಲ್ಲಿ ಗಂಡಸರು ಕೂತು ತಿನ್ನೋರು' ಅಂತಾರೆ. ನನಗೆ ಕೋವಿಡ್ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ಈ ಆತೆ. ಇಲ್ಲ ಅನ್ನೋಕೆ ಬಾಯಿ ಬರುತ್ತಿಲ್ಲ. ಒಂದು ಇಡೀ ದೇಶ ಯಾಕೆ ಹೀಗೆ ಹೊರಗೆ ದುಡಿದು ಸವೆಯುತ್ತಿದೆ?

ಉತ್ತರ: ಸಹಿ ಹಾಕಬೇಡಿ. ಚೆಕ್ ಕೊಡಬೇಡಿ. ಮಿಕ್ಕಿದ್ದೆಲ್ಲ ನಿಧಾನವಾಗಿ ಓದಿ, ಇದೊಂದನ್ನು ಮಾತ್ರ ಈಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಗೆಳತಿಯ ಕೈ ಬಿಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಸಹಿಯಿಂದ ಅವರಿಗೂ ಒಳ್ಳೆಯದಾಗುವುದಿಲ್ಲ, ಅದಕ್ಕೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತಿದೆ. ಗಂಜಿ ಕಾಯಿಸಿಕೊಟ್ಟವರಿಗೆ ಇಲ್ಲ ಅಂದರೆ ನಾನೆಂಥವಳು ಅನ್ನೋದು ಒಂದು. ಇಷ್ಟು ದುಡಿದವರ ದುಡ್ಡು ಎಲ್ಲಿ ಹೋಯಿತು, ಇವರ ಲೆಕ್ಕದಲ್ಲೇ ಏನಾದರೂ ಎಡವಟ್ಟು ಇದೆಯಾ ಅನ್ನೋ ಸಣ್ಣ ಅನುಮಾನ ಇನ್ನೊಂದು. ಎರಡನೆಯದರಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮೊದಲನೆಯದಕ್ಕೆ ದಾರಿ ತಾನಾಗಿಯೇ ಕಾಣುತ್ತದೆ.

ಸಾಲದ ಸಲಹೆ ಕೊಡುವ ಕೆಲಸಕ್ಕೆ ಬರುವ ಮುಂಚೆ ನಾನು ದುಬೈನ ದೇರಾದಲ್ಲಿ ಊರಿಗೆ ಹಣ ಕಳಿಸುವ ಒಂದು ಎಕ್ಸ್‌ಚೇಂಜ್‌ನ ಕೌಂಟರ್‌ನಲ್ಲಿ ಏಳು ವರ್ಷ ಕೂತಿದ್ದೆ. ತಿಂಗಳ ಕೊನೆಯ ವಾರ ಬಂತೆಂದರೆ ಲೈನು ಬಾಗಿಲಾಚೆ ಹೋಗುತ್ತಿತ್ತು. ನಮ್ಮವರು, ಮಲಯಾಳಿಗಳು ಬಂದರೆ ಸಾಮಾನ್ಯವಾಗಿ ಒಂದೇ ಅಕೌಂಟ್‌ಗೆ ಒಂದು ಮೊತ್ತ. ಫಿಲಿಪಿನೊ ಹೆಂಗಸರು ಬಂದರೆ ಕೈಯಲ್ಲೊಂದು ಚೀಟಿ ಇರುತ್ತಿತ್ತು. ಒಬ್ಬಾಕೆ ಪ್ರತಿ ತಿಂಗಳೂ ನನ್ನ ಕೌಂಟರ್‌ಗೇ ಬರುತ್ತಿದ್ದಳು, ಸಲೂನ್‌ನಲ್ಲಿ ಕೆಲಸ. 2,300 ದಿರ್ಹಂ ತಂದು ನಾಲ್ಕು ಪಾಲು ಮಾಡಿಸುತ್ತಿದ್ದಳು. ಅಮ್ಮನಿಗೊಂದು, ತಮ್ಮನ ಕಾಲೇಜಿಗೊಂದು, ಊರಿನ ಔಷಧಿ ಅಂಗಡಿಯ ಬಾಕಿಗೊಂದು, ಇಲ್ಲಿಗೆ ಬರುವಾಗ ಮಾಡಿದ ಸಾಲಕ್ಕೊಂದು. ರಸೀದಿ ನಾಲ್ಕೂ ತೆಗೆದುಕೊಂಡು ಪರ್ಸ್‌ನಲ್ಲಿ ಉಳಿದದ್ದನ್ನು ನನ್ನೆದುರೇ ಎಣಿಸುತ್ತಿದ್ದಳು. ಒಂದು ಸಲ 140 ಇತ್ತು. ಮುಂದಿನ ಸಂಬಳದವರೆಗೂ ಅಷ್ಟೇ. ಇದು ದುಂದು ಮಾಡುವವರ ಲೆಕ್ಕ ಅಲ್ಲ, ಅಲ್ವಾ?

'ವನ್ ಡೇ ಮಿಲಿಯನೇರ್' ಅನ್ನೋ ಮಾತನ್ನು ಅವರೇ ಆಡಿಕೊಳ್ಳುತ್ತಾರೆ, ಅದು ನಿಜ. ಸಂಬಳದ ದಿನ ನಾಲ್ಕು ಜನ ಸೇರಿ ಹೊರಗೆ ಉಣ್ಣುವುದೂ ನಿಜ. ನಿಮ್ಮ ವಾರ್ಡ್‌ನವರ ಕಣ್ಣಿಗೆ ಬೀಳುವುದು ಆ ಊಟ ಮಾತ್ರ. ಅದೇ ದಿನ ಬೆಳಿಗ್ಗೆ ಹರಿದು ಹಂಚಿ ಕಳಿಸಿದ ನಾಲ್ಕು ರಸೀದಿ ಕಾಣುವುದಿಲ್ಲ.

ಗಂಡಸರು ಕೂತು ತಿನ್ನುತ್ತಾರೆ ಅನ್ನೋದೂ ಸುಮ್ನೆ ಮಾತು. ಜಗತ್ತಿನ ಹಡಗುಗಳ ಸಿಬ್ಬಂದಿಯಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಫಿಲಿಪಿನೊಗಳು, ಹೆಚ್ಚಿನವರು ಗಂಡಸರು. ಮಂಗಳೂರು, ಉಡುಪಿ ಕಡೆಯಿಂದ ಹಡಗಿಗೆ ಹೋದವರನ್ನು ಕೇಳಿ ನೋಡಿ. ಫಿಲಿಪಿನೊ ನಾವಿಕರ ಕರಾರಿನಲ್ಲೇ ಮೂಲ ವೇತನದ ಶೇಕಡ 80 ಊರಿಗೆ ಹೋಗಬೇಕು ಅಂತ ಬರೆದಿರುತ್ತದೆ. ಸೌದಿಯ ಕಟ್ಟಡ ಕೆಲಸದಲ್ಲೂ ಅವರಿದ್ದಾರೆ. ಹಾಗಿದ್ದರೂ ಹೊರದೇಶದಲ್ಲಿ ದುಡಿಯುವವರಲ್ಲಿ ಹೆಂಗಸರೇ ಅರ್ಧಕ್ಕಿಂತ ಜಾಸ್ತಿ. ಯಾಕಂದರೆ ನರ್ಸ್, ಮನೆಗೆಲಸ, ಮಕ್ಕಳನ್ನು ನೋಡಿಕೊಳ್ಳುವುದು, ಹೊರಗಿನ ದೇಶಗಳು ಕೇಳುತ್ತಿರುವುದೇ ಈ ಕೆಲಸಗಳಿಗೆ ಜನ.

ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ನಿಮ್ಮ ಆತೆಯ ಸಂಬಳ ಬರೀ ಸಂಬಳ ಅಲ್ಲ. ಅಪ್ಪನಿಗೆ ಆಸ್ಪತ್ರೆ ವಿಮೆ, ಅಮ್ಮನಿಗೆ ಪಿಂಚಣಿ, ತಂಗಿಯ ಮಕ್ಕಳಿಗೆ ಸ್ಕಾಲರ್‌ಶಿಪ್, ಚಂಡಮಾರುತ ಬಂದ ವರ್ಷ ಪರಿಹಾರ ನಿಧಿ, ಎಲ್ಲಾ ಅದೇ. ಸರ್ಕಾರ ಹೊರಬೇಕಾದ ಭಾರವನ್ನು ಒಬ್ಬ ಹೆಣ್ಣುಮಗಳು ತಲೆ ಮೇಲೆ ಹೊತ್ತಿದ್ದಾಳೆ. ಅದರಲ್ಲಿ ಏನೂ ಉಳಿಯದಿದ್ದರೆ ಆಶ್ಚರ್ಯ ಇಲ್ಲ. 16 ವರ್ಷ ತಡೆದುಕೊಂಡಿದ್ದಾರಲ್ಲ, ಆಶ್ಚರ್ಯ ಆಗಬೇಕಾದ್ದು ಅದಕ್ಕೆ.

ಇದು ಹೇಗೆ ಶುರುವಾಯಿತು ಅಂತ ಚುಟುಕಾಗಿ ಹೇಳುತ್ತೇನೆ. ಸ್ಪೇನ್ ಮುನ್ನೂರಕ್ಕೂ ಜಾಸ್ತಿ ವರ್ಷ ಆಳಿತು, ಆಮೇಲೆ 1898ರಿಂದ ಅಮೆರಿಕ. ಭೂಮಿ ಕೆಲವೇ ಮನೆತನಗಳ ಕೈಯಲ್ಲಿ ಉಳಿಯಿತು. ಅಮೆರಿಕನ್ನರು ಇಂಗ್ಲಿಷ್ ಶಾಲೆ, ನರ್ಸಿಂಗ್ ಶಾಲೆ ತೆರೆದರು. ಹೀಗೆ ಕಲಿತವರು ತಯಾರಾದರು, ಊರಲ್ಲಿ ಕೆಲಸ ಮಾತ್ರ ಇರಲಿಲ್ಲ. 1974ರಲ್ಲಿ ಫರ್ಡಿನಂಡ್ ಮಾರ್ಕೋಸ್ ಕಾಲದ ಕಾರ್ಮಿಕ ಸಂಹಿತೆ ಬಂತು, ಜನರನ್ನು ಹೊರದೇಶಕ್ಕೆ ಕಳಿಸುವುದು ಸರ್ಕಾರದ ಯೋಜನೆಯೇ ಆಯಿತು. ಆಗ ಕೊಲ್ಲಿ ದೇಶಗಳಲ್ಲಿ ತೈಲದ ದುಡ್ಡು ಉಕ್ಕುತ್ತಿತ್ತು. ನಾಲ್ಕು ದಿನದ ಏರ್ಪಾಡು ಅಂತ ಮಾಡಿದ್ದು ಐವತ್ತು ವರ್ಷ ದಾಟಿತು. 1984, 85ರಲ್ಲಿ ಅವರ ಆರ್ಥಿಕತೆ ಎರಡು ವರ್ಷ ಸತತವಾಗಿ ಶೇಕಡ 7ರಷ್ಟು ಕುಸಿಯಿತು, ಹೊರಟವರ ಸಾಲು ಇನ್ನೂ ಉದ್ದ ಆಯಿತು. 1988ರಲ್ಲಿ ಅಧ್ಯಕ್ಷೆ ಕೊರಾಝೋನ್ ಅಕಿನೊ ಈ ಕೆಲಸಗಾರರನ್ನು 'ಹೊಸ ವೀರರು' ಅಂತ ಕರೆದರು. ನನಗೆ ಆ ಮಾತು ಕೇಳಿದಾಗೆಲ್ಲ ಬೇಜಾರಾಗುತ್ತದೆ. ವೀರರು ಅಂದುಬಿಟ್ಟರೆ ಅವರ ನೋವನ್ನು ಯಾರೂ ಲೆಕ್ಕ ಇಡಬೇಕಾಗಿಲ್ಲ ನೋಡಿ.

2024ರಲ್ಲಿ ಹೊರಗಿನವರು ಊರಿಗೆ ಕಳಿಸಿದ್ದು ಸುಮಾರು 3,800 ಕೋಟಿ ಡಾಲರ್. ದೇಶದ ಒಟ್ಟು ಉತ್ಪನ್ನದ ಶೇಕಡ 8ರ ಹತ್ತಿರ. ಇಷ್ಟು ಡಾಲರ್ ಕೂತಲ್ಲಿಗೆ ಬರುತ್ತಿದ್ದರೆ ಊರಲ್ಲೇ ಕೆಲಸ ಹುಟ್ಟಿಸುವ ತುರ್ತು ಯಾವ ಸರ್ಕಾರಕ್ಕಿರುತ್ತದೆ? ಅವರ 1987ರ ಸಂವಿಧಾನದಲ್ಲೇ ರಾಜಕೀಯ ಮನೆತನಗಳಿಗೆ ತಡೆ ಹಾಕಬೇಕು, ಅದಕ್ಕೆ ಕಾನೂನು ಮಾಡಬೇಕು ಅಂತ ಇದೆ. ಸಂಸತ್ತಿನಲ್ಲಿ ಕೂತವರಲ್ಲಿ ಬಹಳ ಜನ ಅದೇ ಮನೆತನಗಳವರು, ಕಾನೂನು ದಶಕಗಟ್ಟಲೆ ಆಗಲೇ ಇಲ್ಲ. ಪ್ರವಾಹ ತಡೆಯುವ ಕಾಮಗಾರಿಗಳ ದುಡ್ಡು ನುಂಗಿದರು ಅಂತ 2025ರ ಸೆಪ್ಟೆಂಬರ್‌ನಲ್ಲಿ ಮನಿಲಾದ ಬೀದಿಗಳಲ್ಲಿ ಜನ ಸಾಗರದ ಹಾಗೆ ಸೇರಿದ್ದರು. ವರ್ಷಕ್ಕೆ ಸುಮಾರು 20 ಚಂಡಮಾರುತ ಆ ಸಮುದ್ರಕ್ಕೆ ಬರುತ್ತವೆ, ಎಂಟೊಂಬತ್ತು ನೆಲಕ್ಕೇ ಬಡಿಯುತ್ತವೆ. 2013ರ ನವೆಂಬರ್‌ನ ಹೈಯಾನ್ ಒಂದರಲ್ಲೇ ಸತ್ತವರು 6,000 ದಾಟಿದರು. ಅಂಥ ಕಡೆ ತಡೆಗೋಡೆಯ ದುಡ್ಡು ಕದ್ದರೆ ಅದು ನಿಮ್ಮ ಆತೆಯ ಮನೆಯ ಮಾಡಿಗೇ ಕೈ ಹಾಕಿದಂತೆ.

ಇನ್ನೊಂದು ಹೇಳಲೇಬೇಕು, ನಮಗೂ ನಂಟಿರುವ ವಿಷಯ. ನಮ್ಮ ರೈತರು ವರ್ಷಗಟ್ಟಲೆ ಬೆಳೆದ ಐಆರ್ 64 ಭತ್ತ ಹುಟ್ಟಿದ್ದು ಮನಿಲಾದಿಂದ ದೂರವಿಲ್ಲದ ಲಾಸ್ ಬಾನ್ಯೋಸ್‌ನಲ್ಲಿ, 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ನಮ್ಮ ಗದ್ದೆಗೆ ಬೀಜ ಕೊಟ್ಟ ಆ ನೆಲ ಈಗ ಜಗತ್ತಿನಲ್ಲೇ ಅತಿ ಜಾಸ್ತಿ ಅಕ್ಕಿ ಆಮದು ಮಾಡಿಕೊಳ್ಳುವ ದೇಶಗಳಲ್ಲಿ ಒಂದು. ಅಲ್ಲಿ ಗದ್ದೆ ಮಾಡುವವರ ಮಕ್ಕಳು ಹೊರದೇಶಕ್ಕೆ ಹೊರಡುತ್ತಾರೆ ಅಂದರೆ ಅದಕ್ಕೆ ಇದೂ ಒಂದು ಕಾರಣ.

ಈಗ ಮನೆಯೊಳಗಿನ ಮಾತು. 'ಉತಾಂಗ್ ನ ಲೋಓಬ್' ಅಂತ ನಿಮ್ಮ ಆತೆಯ ಬಾಯಲ್ಲಿ ಕೇಳಿರುತ್ತೀರಿ. ಪದಕ್ಕೆ ಪದ ಇಟ್ಟರೆ 'ಒಳಗಿನ ಸಾಲ'. ನಮ್ಮಲ್ಲಿ ಋಣ ಅನ್ನುತ್ತೇವಲ್ಲ, ಅದೇ. ದುಡ್ಡಿನ ಸಾಲ ತೀರುತ್ತದೆ, ಇದು ತೀರುವುದಿಲ್ಲ. ಈ ಋಣ ಇಲ್ಲದವಳು ಅನ್ನಿಸಿಕೊಳ್ಳುವುದು ಅಲ್ಲಿ ದೊಡ್ಡ ಬೈಗುಳ. ಹಿರಿಯ ಮಗಳ ಮೇಲೆ ಇದು ಎರಡು ಪಟ್ಟು. ಕಾನೂನೂ ಹಾಗೇ ಇದೆ, ಅವರ ಕುಟುಂಬ ಸಂಹಿತೆಯಲ್ಲಿ ಅಪ್ಪ ಅಮ್ಮ, ಮಕ್ಕಳು ಮಾತ್ರ ಅಲ್ಲ, ಒಡಹುಟ್ಟಿದವರೂ ಒಬ್ಬರನ್ನೊಬ್ಬರು ಪೋಷಿಸಬೇಕು. ಕೆಲವರು ಇದನ್ನು ಫಿಲಿಪಿನೊಗಳ ದೌರ್ಬಲ್ಯ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಿಮಗೆ ಗಂಜಿ ಕಾಯಿಸಿಕೊಟ್ಟದ್ದೂ ಅದೇ ಗುಣ. ತೊಂದರೆ ಬರುವುದು ಆ ಋಣಕ್ಕೆ ಒಂದು ಮಿತಿಯ ಅಂಕಿ ಇಲ್ಲದಾಗ.

ಗಂಡನ ವಿಷಯ ಬೇರೆಯೇ ಗಂಟು. ವ್ಯಾಟಿಕನ್ ಬಿಟ್ಟರೆ ಡಿವೋರ್ಸ್ ಇಲ್ಲದ ದೇಶ ಫಿಲಿಪೀನ್ಸ್ ಒಂದೇ, ಅಲ್ಲಿನ ಮುಸ್ಲಿಮರಿಗೆ ಮಾತ್ರ ಬೇರೆ ಕಾನೂನು. 2024ರ ಮೇ ತಿಂಗಳಲ್ಲಿ ಕೆಳಮನೆ ಒಂದು ಮಸೂದೆ ಪಾಸು ಮಾಡಿತು, ಸೆನೆಟ್‌ನಲ್ಲಿ ನಿಂತಿತು. ಮದುವೆ ರದ್ದು ಮಾಡಿಸುವ ದಾರಿ ಇದೆ, ಖರ್ಚು ಕೈಗೆಟುಕುವಂಥದ್ದಲ್ಲ. ದುಬೈನಲ್ಲೇ ಡಿವೋರ್ಸ್ ತೆಗೆದುಕೊಂಡರಾಯ್ತಲ್ಲ ಅಂತ ನೀವು ಕೇಳಬಹುದು. ಇಬ್ಬರೂ ಫಿಲಿಪಿನೊ ಪ್ರಜೆಗಳಾದರೆ ಅದು ಊರಲ್ಲಿ ನಡೆಯುವುದಿಲ್ಲ. ಇದರ ಫಲ ಏನು ಗೊತ್ತಾ? ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದೆ 1988ರ ಆಗಸ್ಟ್ ನಂತರ ಮದುವೆಯಾದವರ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಒಂಬತ್ತು ವರ್ಷದಿಂದ ಮುಖ ತೋರಿಸದ ಗಂಡನಿಗೂ ಇವರು ಕೊಳ್ಳುವ ಸೈಟಿನಲ್ಲಿ ಪಾಲು. ಹಾಗಾಗಿ 'ನನ್ನ ಹಾಗೆ ನೀವೂ ಒಂದು ಸೈಟ್ ತೆಗೆದುಕೊಳ್ಳಿ' ಅಂತ ಅವರಿಗೆ ಹೇಳಬೇಡಿ. ಅವರು ಸುಮ್ಮನೆ ನಕ್ಕಿದ್ದರೆ ಇದಕ್ಕೇ ಇರಬೇಕು.

ಇನ್ನು ಸಾಲಕ್ಕೆ ಬರೋಣ. ಈ ಬಡ್ಡಿ ವ್ಯವಹಾರಕ್ಕೆ ಅವರ ಊರಲ್ಲಿ 'ಐದು-ಆರು' ಅಂತ ಹೆಸರು, ಐದು ತೆಗೆದುಕೊಂಡರೆ ಆರು ವಾಪಸ್. ಅಲ್ಲಿ ಅದನ್ನು ನಡೆಸುವವರಲ್ಲಿ ಎದ್ದು ಕಾಣುವವರು ನಮ್ಮ ಪಂಜಾಬಿನವರು, ಬೈಕ್ ಮೇಲೆ ಮನೆಮನೆಗೆ ಹೋಗಿ ಸಾಲ ಕೊಟ್ಟು, ಕೊಡೆ, ಸೊಳ್ಳೆಪರದೆ ಕಂತಿಗೆ ಮಾರುತ್ತಾರೆ. ಭಾರತೀಯರೆಲ್ಲರಿಗೂ ಅಲ್ಲಿ 'ಬುಂಬಾಯ್' ಅನ್ನೋ ಹೆಸರು. ಹಠ ಮಾಡುವ ಮಕ್ಕಳನ್ನು 'ಬುಂಬಾಯ್ ಬರ್ತಾನೆ' ಅಂತ ಹೆದರಿಸುತ್ತಾರೆ. ನಾನು ಬತಂಗಾಸ್‌ಗೆ ಹೋಗಿದ್ದಾಗ ಒಂದು ಮನೆಯ ಪುಟ್ಟ ಹುಡುಗಿ ನನ್ನನ್ನು ನೋಡಿ ಅಜ್ಜಿಯ ಬೆನ್ನ ಹಿಂದೆ ಅಡಗಿದ್ದಳು. ಬ್ಯಾಂಕ್ ಬಾಗಿಲು ಬಡವರಿಗೆ ತೆರೆಯದಿದ್ದಾಗ ಈ ಬೈಕ್ ಮನೆ ಮುಂದೆ ಬಂದು ನಿಲ್ಲುತ್ತದೆ. ದುಬೈನಲ್ಲಿ ಅದೇ ವ್ಯವಹಾರ ಪಾಸ್‌ಪೋರ್ಟ್, ಎಟಿಎಂ ಕಾರ್ಡ್ ಅಡವಿಟ್ಟುಕೊಂಡು ನಡೆಯುತ್ತದೆ.

20,000ಕ್ಕೆ ತಿಂಗಳಿಗೆ ನೂರಕ್ಕೆ ಹತ್ತು ಅಂದರೆ ಬರೀ ಬಡ್ಡಿಯೇ 2,000. ಹತ್ತು ತಿಂಗಳಲ್ಲಿ ಅಸಲಿನಷ್ಟು ಬಡ್ಡಿ ಕಟ್ಟಿರುತ್ತಾರೆ, ಅಸಲು ಅಲ್ಲೇ ಕೂತಿರುತ್ತದೆ. ಅವರಿಗೆ ತಪ್ಪಿದ ದಿನ ಫೋನ್ ಬರುವುದು ನಿಮಗೆ. ಚೆಕ್ ಬೌನ್ಸ್ ಆದರೆ ಈಗ ಜೈಲಿಲ್ಲ ಅಂತ ಯಾರಾದರೂ ಧೈರ್ಯ ಹೇಳಿರುತ್ತಾರೆ. ಅರ್ಧ ಸತ್ಯ. 2022ರ ಜನವರಿಯಿಂದ ಹಣ ಇಲ್ಲದೆ ಬೌನ್ಸ್ ಆದ ಚೆಕ್ಕು ಸಾಮಾನ್ಯವಾಗಿ ಕ್ರಿಮಿನಲ್ ಕೇಸ್ ಆಗುವುದಿಲ್ಲ. ಆದರೆ ಅದೇ ಬದಲಾವಣೆಯಲ್ಲಿ ಚೆಕ್ ಹಿಡಿದವರು ನೇರವಾಗಿ ವಸೂಲಿ ಕೋರ್ಟಿಗೆ ಹೋಗುವ ದಾರಿಯೂ ಆಯಿತು. ಅಕೌಂಟ್ ತಡೆಹಿಡಿಯುವುದು, ಪ್ರಯಾಣಕ್ಕೆ ನಿಷೇಧ, ಎಲ್ಲಾ ಬರಬಹುದು. ಖಾಲಿ ಚೆಕ್‌ನಲ್ಲಿ ಎಷ್ಟು ಬರೆದುಕೊಳ್ಳುತ್ತಾರೋ ಅದು ಅವರ ಇಷ್ಟ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಹೊರಟ ಹುಡುಗಿಯೊಬ್ಬಳು ಏರ್‌ಪೋರ್ಟ್‌ನಿಂದ ನನಗೆ ಫೋನ್ ಮಾಡಿ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅವಳದ್ದೂ ಇದೇ, ಗೆಳತಿಗೆ ಹಾಕಿದ ಸಹಿ. ಅದೂ ಅಲ್ಲದೆ ಯುಎಇಯಲ್ಲಿ ವ್ಯಕ್ತಿ ವ್ಯಕ್ತಿಗೆ ಬಡ್ಡಿಗೆ ಸಾಲ ಕೊಡುವುದೇ ಅಪರಾಧ. ನೀವು ಅಂಥ ಕಾಗದದಲ್ಲಿ ಹೆಸರು ಸೇರಿಸಿಕೊಳ್ಳಬೇಡಿ.

ಹಾಗಾದರೆ ಏನು ಮಾಡಬಹುದು? ಮೊದಲು ಆ 20,000 ಯಾತಕ್ಕೆ ಅಂತ ಕೂತು ಕೇಳಿ. ಇಂಥ ಮೊತ್ತ ಸಾಮಾನ್ಯವಾಗಿ ಒಂದೇ ಖರ್ಚಲ್ಲ, ಮೂರ್ನಾಲ್ಕು ಹಳೇ ಬಾಕಿ ಸೇರಿದ್ದು. ಅಪ್ಪನ ಡಯಾಲಿಸಿಸ್ ಅದರಲ್ಲಿದ್ದರೆ ಒಂದು ವಿಷಯ ಖಂಡಿತ ಹೇಳಿ. ಅವರ ಸರ್ಕಾರಿ ವಿಮೆ ಫಿಲ್‌ಹೆಲ್ತ್ ಮೊದಲು ವರ್ಷಕ್ಕೆ 90 ಸಲದ ಡಯಾಲಿಸಿಸ್ ಮಾತ್ರ ಕೊಡುತ್ತಿತ್ತು. ಈಗ 156, ಅಂದರೆ ವಾರಕ್ಕೆ ಮೂರು ಸಲ ಪೂರ್ತಿ. 2024ರಲ್ಲಿ ಒಂದು ಸಲಕ್ಕೆ ಕೊಡುವ ಮೊತ್ತವನ್ನೂ 6,350 ಪೆಸೊಗೆ ಏರಿಸಿದರು. 60 ದಾಟಿದವರೆಲ್ಲ 2014ರ ಕಾನೂನಿನ ಪ್ರಕಾರ ತಾನಾಗಿಯೇ ಸದಸ್ಯರು. ಊರಲ್ಲಿರುವ ತಮ್ಮಂದಿರು ಹಳೇ ಲೆಕ್ಕದಲ್ಲೇ ಅಕ್ಕನಿಂದ ದುಡ್ಡು ತರಿಸುತ್ತಿರುವ ಕುಟುಂಬಗಳನ್ನು ನಾನು ನೋಡಿದ್ದೇನೆ, ಮೋಸ ಅಂತ ಅಲ್ಲ, ಯಾರೂ ಕಚೇರಿಗೆ ಹೋಗಿ ಕೇಳಿರುವುದಿಲ್ಲ ಅಷ್ಟೇ. ಸರ್ಕಾರಿ ಆಸ್ಪತ್ರೆಗಳಲ್ಲಿ 'ಮಲಸಾಕಿತ್ ಸೆಂಟರ್' ಅನ್ನೋ ಸಹಾಯ ಕೌಂಟರ್ ಇರುತ್ತದೆ, ಉಳಿದ ಬಿಲ್ಲಿಗೆ ಅಲ್ಲಿ ಅರ್ಜಿ ಹಾಕಬಹುದು. ಓಡಾಟದ ಖರ್ಚು, ಕೆಲವು ಔಷಧಿ ಆಗಲೂ ಕೈಯಿಂದ ಹೋಗುತ್ತದೆ, ಪೂರ್ತಿ ಪರಿಹಾರ ಅಂತ ಭರವಸೆ ಕೊಡಬೇಡಿ.

ಎರಡನೆಯದು, ಈಗಿರುವ ಬ್ಯಾಂಕ್ ಸಾಲ. ಕಂತು ತಪ್ಪುವ ಮೊದಲೇ ಬ್ಯಾಂಕ್‌ಗೆ ಹೋಗಿ ಕಂತು ಕಡಿಮೆ ಮಾಡಿಕೊಡಿ ಅಂತ ಬರವಣಿಗೆಯಲ್ಲಿ ಕೇಳಬೇಕು. ಎಲ್ಲಾ ಸಾಲದ ಕಂತೂ ಸೇರಿ ಸಂಬಳದ ಅರ್ಧ ದಾಟಬಾರದು ಅನ್ನೋ ನಿಯಮ ದುಬೈನಲ್ಲಿದೆ. ಅವಧಿ ಉದ್ದ ಆದರೆ ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ಆದರೂ ತಿಂಗಳಿಗೆ ಹತ್ತರ ಪಕ್ಕದಲ್ಲಿ ಅದು ಏನೂ ಅಲ್ಲ. ಕೆಲಸ ಬಿಟ್ಟು ಗ್ರಾಚುಯಿಟಿ ತೆಗೆದುಕೊಂಡು ಎಲ್ಲಾ ತೀರಿಸಿಬಿಡುತ್ತೇನೆ ಅಂತ ಅವರು ಹೇಳಬಹುದು. ಬಹಳ ಜನರಿಗೆ ಹಾಗೆ ಅನ್ನಿಸುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನ, 16 ವರ್ಷಕ್ಕೆ ಒಳ್ಳೆಯ ಮೊತ್ತವೇ. ಆದರೆ ಸಂಬಳದ ಅಕೌಂಟ್ ಸಾಲ ಕೊಟ್ಟ ಬ್ಯಾಂಕ್‌ನಲ್ಲಿದ್ದರೆ ಆ ದುಡ್ಡು ಬಂದ ಕೂಡಲೇ ಬ್ಯಾಂಕ್ ಹಿಡಿದುಕೊಳ್ಳುತ್ತದೆ. 42ರಲ್ಲಿ ಹೊಸ ಕೆಲಸ ಹುಡುಕುವುದು ಬೇರೆ. ಅದು ಅವರ ವಯಸ್ಸಾದ ಕಾಲದ ದುಡ್ಡು, ಮುಟ್ಟಬಾರದು.

ಮೂರನೆಯದೇ ಕಷ್ಟದ್ದು. ಊರಿಗೆ ಕಳಿಸುವ ದುಡ್ಡಿಗೆ ಒಂದು ಮೊತ್ತ ನಿಗದಿ ಆಗಬೇಕು. ಯಾರು ಕೇಳಿದರೂ, ಯಾವಾಗ ಕೇಳಿದರೂ ತಿಂಗಳಿಗೆ ಇಷ್ಟೇ. ಓದು ಮುಗಿಸಿದ ಇಬ್ಬರು ತಮ್ಮಂದಿರಿದ್ದಾರಲ್ಲ, ಅಪ್ಪನ ಖರ್ಚಿನಲ್ಲಿ ಅವರ ಪಾಲೆಷ್ಟು ಅಂತ ವಿಡಿಯೊ ಕಾಲ್‌ನಲ್ಲಿ ಎಲ್ಲರ ಮುಂದೆ ಕೇಳಬೇಕು. ಸುಲಭ ಅಲ್ಲ, ಮನಿಲಾದಲ್ಲೇ ಕನಿಷ್ಠ ಕೂಲಿ 2025ರ ಜುಲೈನಿಂದ ದಿನಕ್ಕೆ 695 ಪೆಸೊ, ಉಳಿದ ಕಡೆ ಇನ್ನೂ ಕಡಿಮೆ, ತಮ್ಮಂದಿರ ಕೈಯಲ್ಲೂ ಜಾಸ್ತಿ ಇರಲಾರದು. ಬೈಗುಳ ಬರುತ್ತದೆ, ಅಮ್ಮ ಅಳುತ್ತಾರೆ, ಋಣ ಮರೆತಳು ಅನ್ನುತ್ತಾರೆ. ನಾನು ನೋಡಿದ ಮನೆಗಳಲ್ಲಿ ಮೂರ್ನಾಲ್ಕು ತಿಂಗಳು ಮಾತು ಕಟುವಾಗಿರುತ್ತದೆ, ಆಮೇಲೆ ತಣ್ಣಗಾಗುತ್ತದೆ. ಎಲ್ಲಾ ಮನೆಯಲ್ಲೂ ತಣ್ಣಗಾಗಲಿಲ್ಲ, ಅದನ್ನೂ ಹೇಳಬೇಕು.

ಆ ಉಳಿತಾಯದಲ್ಲಿ ಮೊದಲು ಕಟ್ಟಬೇಕಾದ್ದು ಅವರ ಸಾಮಾಜಿಕ ಭದ್ರತಾ ನಿಧಿ, ಎಸ್‌ಎಸ್‌ಎಸ್. ಪಿಂಚಣಿಗೆ ಕನಿಷ್ಠ 120 ತಿಂಗಳ ಕಂತು ಬೇಕು. ಹಿಂದೆ ಏನೂ ಕಟ್ಟಿಲ್ಲದಿದ್ದರೂ ಈಗ ಶುರು ಮಾಡಿದರೆ 52ಕ್ಕೆ ಮುಗಿಯುತ್ತದೆ, 60ಕ್ಕೆ ಪಿಂಚಣಿ. ಐದು ವರ್ಷ ತಡ ಮಾಡಿದರೆ ಅದು 57ಕ್ಕೆ ಹೋಗುತ್ತದೆ, ಕೈಯಲ್ಲಿ ಉಳಿಯುವುದು ಮೂರೇ ವರ್ಷ. ಇದನ್ನು ಅವರಿಗೆ ಯಾರೂ ನೆನಪಿಸುವುದಿಲ್ಲ, ಯಾಕಂದರೆ ಮನೆಯವರ ಕಣ್ಣಿಗೆ ಆತೆಗೆ ವಯಸ್ಸೇ ಆಗುವುದಿಲ್ಲ.

ನೀವು ದುಡ್ಡು ಕೊಡಲೇಬೇಕು ಅನ್ನಿಸಿದರೆ ವಾಪಸ್ ಬರದಿದ್ದರೂ ನಿದ್ದೆ ಕೆಡದಷ್ಟು ಕೊಡಿ. ಸಾಲ ಅಂತ ಕೊಡಬೇಡಿ, ಗಂಜಿ ಕುಡಿದ ನೆನಪಿಗೆ ಅಂತ ಕೊಡಿ. ಒಂದೇ ಸಲ, ನಿಮ್ಮ ಸೈಟಿನ ಕಂತಿಗೆ ತೊಂದರೆ ಆಗದ ಹಾಗೆ.

ಹೇಗೆ ಹೇಳೋದು ಅಂತ ಒದ್ದಾಡುತ್ತಿದ್ದೀರಿ, ಗೊತ್ತು. ಅವರ ಕಡೆ ಕ್ರಿಸ್‌ಮಸ್ ಸೆಪ್ಟೆಂಬರ್‌ನಿಂದಲೇ ಶುರು. ಮನೆಯವರಿಗೆ ಉಡುಗೊರೆ ತುಂಬಿ ಹಡಗಿನಲ್ಲಿ ಕಳಿಸುವ ಬಾಲಿಕ್‌ಬಯಾನ್ ಬಾಕ್ಸ್ ನಿಮ್ಮ ರೂಮಿನ ಮೂಲೆಯಲ್ಲೂ ಇರಬೇಕಲ್ಲ? ಶೂ ಒಳಗೆ ಸಾಕ್ಸ್, ಸಾಕ್ಸ್ ಒಳಗೆ ಚಾಕೊಲೇಟ್, ಸೋಪು, ಕಾಫಿಪುಡಿ, ಮಾಂಸದ ಡಬ್ಬಿ, ಪ್ರತಿಯೊಂದರ ಮೇಲೂ ಮಾರ್ಕರ್‌ನಲ್ಲಿ ಒಬ್ಬೊಬ್ಬರ ಹೆಸರು. ಅವರು ಅದನ್ನು ತುಂಬುವಾಗ ಪಕ್ಕದಲ್ಲಿ ಕೂತು ಟೇಪ್ ಹಿಡಿದುಕೊಡಿ. ಆಗ ಹೇಳಿ: 'ಆತೆ, ನಾನು ಸಹಿ ಹಾಕಲ್ಲ. ನಿಮ್ಮ ಜೊತೆ ಬ್ಯಾಂಕ್‌ಗೆ ಬರ್ತೀನಿ, ನಿಮ್ಮ ಕಾನ್ಸುಲೇಟ್‌ಗೂ ಬರ್ತೀನಿ.' ಕಾನ್ಸುಲೇಟ್‌ನವರು ಅಲ್ಲಿನ ವಲಸೆ ಕೆಲಸಗಾರರ ಕಚೇರಿಗೆ ದಾರಿ ತೋರಿಸುತ್ತಾರೆ. ಅವರಿಗೆ ಒಂದೆರಡು ದಿನ ಬೇಜಾರಾಗಬಹುದು. ಆರು ವರ್ಷದ ಗೆಳೆತನ ಅಷ್ಟಕ್ಕೆ ಮುರಿಯುವುದಿಲ್ಲ ಅಂತ ನನಗನ್ನಿಸುತ್ತದೆ.

ಪಾಸ್‌ಪೋರ್ಟ್ ಕಾಪಿ ಕೊಟ್ಟಾಗಿದೆ ಅಂದಿರಲ್ಲ, ಅದು ಯಾರ ಕೈ ಸೇರಿದೆ ಅಂತ ಇವತ್ತೇ ವಿಚಾರಿಸಿ. ಸಾಲ ಕೊಡುವವರಿಗೇ ತಲುಪಿದ್ದರೆ 'ನಾನು ಯಾವ ಸಾಲಕ್ಕೂ ಕೋ ಮೇಕರ್ ಅಲ್ಲ, ಯಾವ ಕಾಗದಕ್ಕೂ ಸಹಿ ಹಾಕಿಲ್ಲ' ಅಂತ ವಾಟ್ಸ್ಆ್ಯಪ್‌ನಲ್ಲಿ ದಿನಾಂಕ ಸಮೇತ ಕಳಿಸಿ, ಆ ಮೆಸೇಜ್ ಅಳಿಸಬೇಡಿ. ಬೆದರಿಕೆ ಏನಾದರೂ ಬಂದರೆ ದುಬೈನಲ್ಲಿರುವ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಮಾಡಿ, ಅಲ್ಲಿ ಕಾನೂನು ಸಲಹೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.